ರೊಟ್ಟಿ, ರೊಕ್ಕ, ದೇವರ ವಾರ



ರೊಟ್ಟಿ ಬಡಿಯುವುದು ಹೇಗೆ ಎಂದು ನಿಮಗೆ ಹೇಳಿಕೊಡುವ ಧೈರ್ಯ ಈ ಪುಸ್ತಕಕ್ಕೆ ಇಲ್ಲ. ರೋಣ, ನರಗುಂದ, ಗಜೇಂದ್ರಗಡದ ಹೆಣ್ಣುಮಕ್ಕಳಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಎಂಟು ಹತ್ತು ವರ್ಷದವರಿದ್ದಾಗಲೇ ಅವ್ವನ ಮಗ್ಗಲು ಕುಳಿತು ಸಣ್ಣ ಹಿಟ್ಟಿನುಂಡಿ ತಟ್ಟಿದ ಕೈ ನಿಮ್ಮದು. ಹಂಚು ಕಾದಿದೆಯೋ ಇಲ್ಲವೋ, ದೂರದಿಂದ ನೋಡಿಯೇ ಹೇಳುತ್ತೀರಿ.

ಈ ಪಾಠ ಬೇರೆ ಮಾತಿನದು. ಮನೆಯವರಿಗೆ ಮಾಡುವ ರೊಟ್ಟಿಯನ್ನೇ ಮಾರಲಿಕ್ಕೂ ಮಾಡಿದರೆ ಏನಾಗುತ್ತದೆ? ಒಲೆ ಒಂದೇ. ಕೈ ಎರಡೇ. ದಿನಕ್ಕೆ 24 ತಾಸು. ಅದರಲ್ಲೇ ಮನೆಗೆಲಸ ಮುಗಿಯಬೇಕು. ಮಕ್ಕಳನ್ನು ನೋಡಬೇಕು. ದೇವರ ವಾರ, ಹಬ್ಬ, ಉಪವಾಸ ನಡೆಯಬೇಕು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಬಂದು ನಿಲ್ಲುತ್ತಾರೆ.

"ಅಕ್ಕಾರ, ನಾಡದು ನಮ್ಮನ್ಯಾಗ ಕಾರ್ಯಾ ಐತ್ರಿ. ಇನ್ನೂರು ರೊಟ್ಟಿ ಆಗಬೇಕು."

ಹೂಂ ಅನ್ನಬೇಕೋ, ಉಹೂಂ ಅನ್ನಬೇಕೋ? ಬಹಳ ಮಂದಿ ಹಿಂದೆಮುಂದೆ ನೋಡದೆ ಹೂಂ ಅಂದುಬಿಡುತ್ತಾರೆ. ಆಮೇಲೆ ರಾತ್ರಿ ನಿದ್ದೆ ಕೆಡುತ್ತಾರೆ.

ನಮ್ಮ ರೊಟ್ಟಿಗೆ ಗಿರಾಕಿ ಯಾಕೆ?

ನಮ್ಮದು ಎರಿ ಸೀಮೆ. ಮುಂಗಾರಿ ಮಳೆ ಮುಗಿಯುವ ಹೊತ್ತಿಗೆ ಹಿಂಗಾರಿ ಜೋಳ ಬಿತ್ತುತ್ತೇವೆ. ಕರಿ ಮಣ್ಣು ಹಿಡಿದಿಟ್ಟ ತೇವ, ಚಳಿಗಾಲದ ಇಬ್ಬನಿ, ಇಷ್ಟರಲ್ಲೇ ಅದು ಬೆಳೆಯುತ್ತದೆ. ಮಾಲದಂಡಿ ಬಿಳಿಜೋಳದ ರೊಟ್ಟಿಯ ರುಚಿ ನಿಮಗೆ ಗೊತ್ತು.

ಗೋಧಿ ಹಿಟ್ಟಿಗೂ ಜೋಳದ ಹಿಟ್ಟಿಗೂ ಒಂದು ದೊಡ್ಡ ಫರಕು ಇದೆ. ಗೋಧಿಯಲ್ಲಿ ಅಂಟಿನಂಥ ಒಂದು ಅಂಶ ಇರುತ್ತದೆ. ಅದಕ್ಕೇ ಚಪಾತಿ ಹಿಟ್ಟು ಎಳೆದರೆ ಹಿಗ್ಗುತ್ತದೆ. ಜೋಳದಲ್ಲಿ ಆ ಅಂಶ ಇಲ್ಲ. ಕುದಿಯುವ ನೀರು ಹಾಕಿ ನಾದಿದಾಗ ಹಿಟ್ಟು ಸ್ವಲ್ಪ ಬೆಂದು ಜಿಗುಟು ಬರುತ್ತದೆ. ಆಗ ಮಾತ್ರ ರೊಟ್ಟಿ ಹರಿಯದೆ ಅಗಲ ಆಗುತ್ತದೆ. ಹಿಟ್ಟು ಹಳೆಯದಾದರೆ ಜಿಗುಟು ಬರುವುದಿಲ್ಲ. ಕಹಿ ವಾಸನೆಯೂ ಬರುತ್ತದೆ. ಈ ಕೆಲಸಕ್ಕೆ ಕೈಯ ರೂಢಿ ಬೇಕು. ಪಟ್ಟಣದ ಬಹಳ ಮನೆಗಳಲ್ಲಿ ಆ ರೂಢಿ ತಪ್ಪಿದೆ. ಬಾಯಿಗೆ ರೊಟ್ಟಿ ಬೇಕು, ಕೈಗೆ ಬಡಿಯಲು ಬರುವುದಿಲ್ಲ. ಗದಗ, ಹುಬ್ಬಳ್ಳಿ, ಬೆಂಗಳೂರಿನಲ್ಲಿ ನಮ್ಮ ಕಡೆಯ ರೊಟ್ಟಿ ಮಾರಾಟವಾಗುವುದು ಇದರಿಂದಲೇ. ಖಡಕ್ ರೊಟ್ಟಿಯಂತೂ ಚೆನ್ನಾಗಿ ಒಣಗಿದ್ದರೆ ವಾರಗಟ್ಟಲೆ ಇಡಬಹುದು. ಬಸ್ಸಿನಲ್ಲಿ ಕಳಿಸಬಹುದು.

2023ನೇ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಸಾರಿತ್ತು. ಜೋಳ, ಸಜ್ಜೆ, ರಾಗಿ, ನವಣೆ ಎಲ್ಲ ಅದರಲ್ಲಿ ಬಂದವು. ಬಡವರ ಕಾಳು ಎಂದು ಬದಿಗೆ ಸರಿಸಿದವರೇ ಈಗ ಡಾಕ್ಟರ ಮಾತು ಕೇಳಿ ಜೋಳ ಹುಡುಕುತ್ತಾರೆ. ಕಲಬುರಗಿ ಜಿಲ್ಲೆಯಲ್ಲಿ ಮಹಿಳಾ ಸಂಘಗಳು ಕೂಡಿ 'ಕಲಬುರಗಿ ರೊಟ್ಟಿ' ಎಂಬ ಒಂದೇ ಹೆಸರಿನಲ್ಲಿ ರೊಟ್ಟಿ ಮಾರುತ್ತಿವೆ.

ರೊಟ್ಟಿ ಮಾರುವುದು ಕಡಿಮೆ ಕೆಲಸವೇ?

ಮೊದಲು ಎದುರಾಗುವುದು ರೊಕ್ಕದ ಮಾತಲ್ಲ. ಮಾನದ ಮಾತು.

"ನಮ್ಮ ಮನಿತನದಾಗ ರೊಟ್ಟಿ ಮಾರಿ ಉಂಡವರು ಯಾರೂ ಇಲ್ಲವಾ. ಹಸದು ಬಂದವರಿಗೆ ಹಂಗ ನೀಡತಿದ್ವಿ."

ಅತ್ತೆ ಹೀಗೆ ಅಂದರೆ ಸೊಸೆ ಏನು ಹೇಳಬೇಕು? ಅತ್ತೆಯ ಮಾತಿನಲ್ಲಿ ಒಂದು ಗೌರವದ ಸಂಗತಿ ಇದೆ. ನಮ್ಮ ಸೀಮೆಯಲ್ಲಿ ರೊಟ್ಟಿ ಎಂದರೆ ನೀಡುವ ವಸ್ತು. ನಮ್ಮದೇ ಜಿಲ್ಲೆಯ ಡಂಬಳದ ತೋಂಟದಾರ್ಯ ಮಠದಲ್ಲಿ ರೊಟ್ಟಿ ಜಾತ್ರೆ ಆಗುತ್ತದೆ. ಮನೆಮನೆಯ ಹೆಣ್ಣುಮಕ್ಕಳು ರೊಟ್ಟಿ ಬಡಿದು ಮಠಕ್ಕೆ ಕೊಡುತ್ತಾರೆ. ಜಾತಿ ಕೇಳದೆ ಎಲ್ಲರೂ ಉಣ್ಣುತ್ತಾರೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಹಳ್ಳಿಹಳ್ಳಿಯಿಂದ ಲಕ್ಷಗಟ್ಟಲೆ ರೊಟ್ಟಿ ಹೋಗುತ್ತದೆ. ಅವಕ್ಕೆ ಯಾರೂ ಬೆಲೆ ಕೇಳುವುದಿಲ್ಲ. ಕೇಳಲೂಬಾರದು.

ಆದರೆ ದಾಸೋಹ ಹೇಳಿದ ಶರಣರೇ ಕಾಯಕವನ್ನೂ ಹೇಳಿದರು. 12ನೇ ಶತಮಾನದಲ್ಲಿ ಬಸವಣ್ಣನವರ ಜೊತೆಗಿದ್ದ ಶರಣರು ಒಬ್ಬೊಬ್ಬರೂ ಒಂದೊಂದು ಕೆಲಸ ಮಾಡಿ ಉಂಡವರು. ಬಟ್ಟೆ ನೇಯ್ದರು. ದೋಣಿ ನಡೆಸಿದರು. ಚಪ್ಪಲಿ ಹೊಲಿದರು. ದುಡಿದು ತಂದದ್ದರಲ್ಲೇ ದಾಸೋಹ ಆಗಬೇಕು ಎಂದರು. ದುಡಿಮೆ ಇಲ್ಲದೆ ನೀಡುವುದಾದರೂ ಎಲ್ಲಿಂದ?

ಆಯ್ದಕ್ಕಿ ಲಕ್ಕಮ್ಮನ ಕಥೆ ನೀವು ಕೇಳಿರಬಹುದು. ಆಕೆಯ ಗಂಡ ಮಾರಯ್ಯ. ಕಲ್ಯಾಣದಲ್ಲಿ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ಅವನು ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಒಪ್ಪಲಿಲ್ಲ. ಇದು ನಮಗೆ ಬೇಕಾದದ್ದಕ್ಕಿಂತ ಹೆಚ್ಚು, ಇದು ಆಸೆ, ತಿರುಗಿ ಚೆಲ್ಲಿ ಬಾ ಎಂದು ಕಳಿಸಿದಳು. ಮನೆಯ ಲೆಕ್ಕ ಹಿಡಿದವಳು ಹೆಂಡತಿ. ಇಷ್ಟು ಸಾಕು ಎಂದು ಗೆರೆ ಎಳೆದವಳೂ ಹೆಂಡತಿಯೇ.

ಈ ಕಥೆಯನ್ನು ಕೆಲವರು ತಪ್ಪು ಅರ್ಥ ಮಾಡಿಕೊಳ್ಳುತ್ತಾರೆ. ಹೆಣ್ಣುಮಗಳು ರೊಕ್ಕ ಕೇಳಬಾರದು, ಕೊಟ್ಟಷ್ಟು ತಗೊಂಡು ಸುಮ್ಮನಿರಬೇಕು ಎನ್ನುತ್ತಾರೆ. ಕಥೆಯಲ್ಲಿ ಅದೆಲ್ಲಿದೆ? ಹೆಚ್ಚಿಗೆ ತರಬೇಡ ಎಂದಳು. ದುಡಿದದ್ದನ್ನು ಬಿಟ್ಟು ಬಾ ಅನ್ನಲಿಲ್ಲ.

ನಮ್ಮ ಮುಸ್ಲಿಂ ಅಕ್ಕಂದಿರಿಗೂ ಇಂಥ ಮಾತು ಕೇಳಬೇಕಾಗುತ್ತದೆ. ಹೆಂಗಸು ವ್ಯಾಪಾರ ಮಾಡಬಾರದು ಎನ್ನುವವರಿಗೆ ಬೀಬಿ ಖದೀಜಾ ಅವರ ಹೆಸರು ನೆನಪು ಮಾಡಬಹುದು. ಪ್ರವಾದಿಯವರ ಮೊದಲ ಪತ್ನಿ ಆಕೆ. ಮೆಕ್ಕಾದಲ್ಲಿ ದೊಡ್ಡ ವ್ಯಾಪಾರ ನಡೆಸಿದ ಹೆಣ್ಣುಮಗಳು.

ಮಠಕ್ಕೆ ಕೊಡುವ ರೊಟ್ಟಿ ಬೇರೆ, ಮಾರುವ ರೊಟ್ಟಿ ಬೇರೆ. ಬುಟ್ಟಿ ಎರಡು ಇರಲಿ. ಎರಡೂ ಒಂದೇ ಬುಟ್ಟಿಯಲ್ಲಿ ಬಿದ್ದಾಗಲೇ ತಕರಾರು ಶುರುವಾಗುತ್ತದೆ.

ಲೆಕ್ಕ ಹಾಕೋಣ

ಈಗ ನಿಮಗೆ ಅಕ್ಷರ ಬಂದಿದೆ. ಅಂಕಿ ಬಂದಿದೆ. ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಎಣಿಸುವ ಕಾಲ ಮುಗಿಯಿತು. (ಸುಣ್ಣ ಬಳಿದ ದಿನ ಆ ಲೆಕ್ಕವೂ ಹೋಗುತ್ತಿತ್ತು.) ಒಂದು ನೋಟಬುಕ್ಕು ತಗೊಳ್ಳಿ.

100 ರೊಟ್ಟಿಯ ಲೆಕ್ಕ ಮಾಡೋಣ. ಕೆಳಗಿನ ದರ ಲೆಕ್ಕಕ್ಕೆಂದು ಹಾಕಿದ್ದು. ನಿಮ್ಮ ಊರಿನ ದರ ನೀವು ಹಾಕಿಕೊಳ್ಳಿ.

ಒಂದು ಕಿಲೋ ಹಿಟ್ಟಿಗೆ 16 ರೊಟ್ಟಿ ಆಗುತ್ತವೆ ಅನ್ನೋಣ. ನೂರು ಒಳ್ಳೆಯ ರೊಟ್ಟಿ ಕೊಡಬೇಕಾದರೆ ನೂರೈದು ಬಡಿಯಬೇಕು. ಐದು ಮುರಿಯುತ್ತವೆ, ಇಲ್ಲವೆ ಹೊತ್ತುತ್ತವೆ. ಅಂದರೆ ಆರೂವರೆ ಕಿಲೋ ಜೋಳ ಬೇಕು.

ಜೋಳ, ಕಿಲೋಕ್ಕೆ 50 ರೂಪಾಯಿಯಂತೆ: 325
ಗಿರಣಿ: 40
ಗ್ಯಾಸು ಅಥವಾ ಕಟ್ಟಿಗೆ: 50
ಪಾಕೀಟು, ಚೀಟಿ: 25
ಬಸ್ಸು, ಫೋನು: 10
ಒಟ್ಟು ಖರ್ಚು: 450 ರೂಪಾಯಿ

ಒಂದು ರೊಟ್ಟಿಗೆ 6 ರೂಪಾಯಿಯಂತೆ ಕೊಟ್ಟರೆ 600 ರೂಪಾಯಿ ಬರುತ್ತದೆ. ಖರ್ಚು ಕಳೆದರೆ ಉಳಿಯುವುದು 150.

"ನೂರೈವತ್ತು ಲಾಭ ಆತು" ಎನ್ನುತ್ತೇವೆ. ತಡೆಯಿರಿ. ಜೋಳ ಹಸನು ಮಾಡಿ ಗಿರಣಿಗೆ ಹೋಗಿ ಬಂದಿರಿ. ತಾಸಿಗೆ 25 ರೊಟ್ಟಿಯಂತೆ ನಾಲ್ಕು ತಾಸಿಗೂ ಮಿಕ್ಕಿ ಒಲೆಯ ಮುಂದೆ ಕುಳಿತಿರಿ. ಮತ್ತೆ ಕಾಸಿ ಖಡಕ್ ಮಾಡಿದಿರಿ. ಆರಿಸಿದಿರಿ, ಎಣಿಸಿದಿರಿ, ಕಟ್ಟಿದಿರಿ. ಎಲ್ಲ ಸೇರಿ ಆರು ತಾಸು. 150ನ್ನು 6ರಿಂದ ಭಾಗಿಸಿ. ತಾಸಿಗೆ 25 ರೂಪಾಯಿ ಬಂತು. ಅದು ಲಾಭ ಅಲ್ಲ, ನಿಮ್ಮ ಕೂಲಿ. ಅದೂ ಕಡಿಮೆ ಕೂಲಿ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ದಿನಕ್ಕೆ 370 ರೂಪಾಯಿ ಕೂಲಿ ಗೊತ್ತು ಮಾಡಿದ್ದರು. ಅದರ ಅರ್ಧವೂ ಆಗಲಿಲ್ಲ.

ಈಗ ಅದೇ ರೊಟ್ಟಿಗೆ 8 ರೂಪಾಯಿ ಹಾಕಿ ನೋಡಿ. 800 ಬರುತ್ತದೆ. 450 ಕಳೆದರೆ 350 ಉಳಿಯುತ್ತದೆ. ಎರಡೇ ರೂಪಾಯಿಯ ಫರಕು. ಆದರೆ ನಿಮ್ಮ ಕೈಗೆ ಬಂದದ್ದು ಎರಡು ಪಟ್ಟಿಗಿಂತ ಹೆಚ್ಚು.

"ಎಂಟು ರೂಪಾಯಿ ಅಂದ್ರ ಯಾರ ತಗೋತಾರಬೇ?" ಎಂದು ನೀವು ಕೇಳಬಹುದು. ಖರೆ. ಬಾಜೂ ಓಣಿಯಲ್ಲಿ ಆರು ರೂಪಾಯಿಗೆ ಕೊಡುವವರು ಇರುತ್ತಾರೆ. ಈಗ ರೊಟ್ಟಿ ಮಾಡುವ ಯಂತ್ರವೂ ಬಂದಿದೆ. ಹಾಗಾದರೆ ಆರಕ್ಕೇ ಕೊಡಿ, ಆದರೆ ಎಷ್ಟು ತಾಸು ಎಷ್ಟು ಕೂಲಿಗೆ ಹೋಯಿತು ಎಂದು ಬರೆದಿಟ್ಟು ಕೊಡಿ. ತಿಂಗಳ ಕೊನೆಗೆ ಓದಿ ನೋಡಿ. ಆಗ ಮುಂದಿನ ಇನ್ನೂರು ರೊಟ್ಟಿಗೆ ಹೂಂ ಅನ್ನಬೇಕೋ ಬೇಡವೋ ತಾನೇ ತಿಳಿಯುತ್ತದೆ.

ಉದ್ರಿಯನ್ನೂ ಬರೆಯಿರಿ. ಯಾರು, ಎಷ್ಟು ರೊಟ್ಟಿ, ಯಾವ ತಾರೀಕು. ಪರಿಚಯದವರ ಉದ್ರಿಯೇ ಬಹಳ ಉಳಿಯುತ್ತದೆ. ಲಗ್ನ, ಕಾರ್ಯಗಳ ದೊಡ್ಡ ಆರ್ಡರಿಗೆ ಅರ್ಧ ರೊಕ್ಕ ಮುಂಗಡ ಕೇಳಿ. ನಾಚಿಕೆ ಬೇಡ. ಪೆಂಡಾಲಿನವರು, ಅಡಿಗೆಯವರು ಎಲ್ಲರೂ ಮುಂಗಡ ಕೇಳುತ್ತಾರೆ. ಬಂದ ರೊಕ್ಕ ನಿಮ್ಮ ಹೆಸರಿನ ಬ್ಯಾಂಕ್ ಖಾತೆಗೆ ಹೋಗಲಿ.

ಮನೆಯ ರೊಟ್ಟಿ ಮೊದಲು

ಇನ್ನೊಂದು ಖರ್ಚು ಇದೆ. ಅದು ನೋಟಬುಕ್ಕಿನಲ್ಲಿ ಕಾಣುವುದಿಲ್ಲ.

ಮಾರುವ ರೊಟ್ಟಿ ಅಗಲ, ತೆಳು, ಚೆಂದ. ಮನೆಯವರ ತಾಟಿಗೆ ಮುರಿದದ್ದು, ಹೊತ್ತಿದ್ದು. ಮೊದಮೊದಲು ನಗುತ್ತಾರೆ. ಆಮೇಲೆ ಸಿಟ್ಟು ಬರುತ್ತದೆ. ಬಡಿದವಳಂತೂ ಎಲ್ಲರದೂ ಮುಗಿದ ಮೇಲೆ, ಮಧ್ಯಾಹ್ನ ಮೂರಕ್ಕೆ, ನಿಂತುಕೊಂಡೇ ಅರ್ಧ ರೊಟ್ಟಿ ತಿಂದಿರುತ್ತಾಳೆ. ಹಂಚು ಇಟ್ಟ ಕೂಡಲೇ ಮೊದಲ ರೊಟ್ಟಿಗಳು ಮನೆಯವರಿಗೆ ಆಗಲಿ. ಅದರಲ್ಲಿ ನಿಮ್ಮದೂ ಎರಡು ಇರಲಿ. ಆಮೇಲೆ ಗಿರಾಕಿಯ ಹಿಟ್ಟು ನಾದಿ. ಮನೆಯ ಹಿಟ್ಟು, ಮಾರುವ ಹಿಟ್ಟು ಬೇರೆ ಬೇರೆ ಡಬ್ಬಿಯಲ್ಲಿ ಇರಲಿ. ಇಲ್ಲವಾದರೆ ಲೆಕ್ಕ ಎಂದೂ ಕೂಡುವುದಿಲ್ಲ.

ಮಗಳ ಮಾತು ಹೇಳಲೇಬೇಕು. ಆರ್ಡರು ಜಾಸ್ತಿ ಬಂದ ದಿನ ಮೊದಲು ಕರೆಯುವುದು ಮಗಳನ್ನು.

"ಇವತ್ತೊಂದಿನ ಸಾಲಿ ಬಿಡವಾ. ನಾಳೆ ಹೋಗುವಂತಿ."

ಆ ಒಂದು ದಿನ ಲಗ್ನದ ಹಂಗಾಮಿನಲ್ಲಿ ತಿಂಗಳಿಗೆ ಎಂಟು ದಿನ ಆಗುತ್ತದೆ. ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾಳೆ. ಆಮೇಲೆ "ಅಕಿಗೆ ಓದಾಕ ಮನಸಿಲ್ರಿ" ಎಂದು ನಾವೇ ಹೇಳುತ್ತೇವೆ. ಶಾಲೆ ಬಿಡಿಸಿದವರು ನಾವು, ಹೆಸರು ಅವಳದು. 6ರಿಂದ 14 ವರ್ಷದ ಮಕ್ಕಳು ಶಾಲೆಯಲ್ಲಿರಬೇಕು ಎಂದು 2009ರಲ್ಲೇ ಕಾನೂನು ಆಗಿದೆ. ಮಗಳ ಶಾಲೆ ತಪ್ಪಿಸಿ ಮಾಡಬೇಕಾದ ಆರ್ಡರು ನಿಮ್ಮ ಕೈಗೆ ಮೀರಿದ ಆರ್ಡರು ಎಂದೇ ತಿಳಿಯಬೇಕು. ನಿಮಗೆ ಸಿಗದ ಅಕ್ಷರ ಅವಳಿಗೆ ಹೊತ್ತಿಗೆ ಸರಿಯಾಗಿ ಸಿಗುತ್ತಿದೆ.

ಹಾಗಾದರೆ ಕೈಜೋಡಿಸುವವರು ಯಾರು? ಗಜೇಂದ್ರಗಡದ ನೇಕಾರರ ಮನೆ ನೋಡಿ. ಮಗ್ಗ ಒಬ್ಬರದಲ್ಲ, ಮನೆಯವರೆಲ್ಲರದು. ಒಬ್ಬರು ನೂಲು ಸುತ್ತುತ್ತಾರೆ, ಒಬ್ಬರು ನೇಯುತ್ತಾರೆ. ರೊಟ್ಟಿಗೂ ಹಾಗೇ ಆಗಬಹುದು. ಗಿರಣಿಗೆ ಗಂಡ ಹೋಗಬಹುದು. ಎಣಿಸಿ ಕಟ್ಟಲು ಮಾವ ಕೂಡ್ರಬಹುದು. ಬಸ್ಸಿಗೆ ಒಯ್ಯಲು ಮಗನಿಗೆ ಏನು ದಾಡಿ? ರೊಟ್ಟಿ ಬಡಿಯುವುದು ಹೆಂಗಸರ ಕೆಲಸ ಎನ್ನುತ್ತಾರೆ. ಇರಲಿ. ಜೋಳದ ಚೀಲ ಎತ್ತುವುದು ಯಾರ ಕೆಲಸ?

ಹೊಗೆಯ ಬಗ್ಗೆ ಒಂದು ಮಾತು. ಮನೆಗೆ ಹತ್ತು ರೊಟ್ಟಿ ಮಾಡುವಾಗ ತಿನ್ನುವ ಹೊಗೆ ಬೇರೆ, ನೂರು ಮಾಡುವಾಗ ತಿನ್ನುವ ಹೊಗೆ ಬೇರೆ. ಕಣ್ಣು, ಎದೆ ಎರಡಕ್ಕೂ ಕೇಡು. ಕಟ್ಟಿಗೆ ಒಲೆಯಾದರೆ ಗಾಳಿ ಆಡುವ ಕಡೆ ಹೂಡಿ. ತಾಸಿಗೊಮ್ಮೆ ಎದ್ದು ಬೆನ್ನು ನೇರ ಮಾಡಿ.

ಚೀಟಿ ಮತ್ತು ಸಂಘ

ಮಾರುವ ತಿನಿಸಿಗೆ 2006ರ ಆಹಾರ ಸುರಕ್ಷತಾ ಕಾಯ್ದೆ ಅನ್ವಯ ಆಗುತ್ತದೆ. ಮನೆಯಲ್ಲಿ ಮಾಡಿ ಮಾರುವವರೂ ಹೆಸರು ನೋಂದಾಯಿಸಬೇಕು. ನೋಂದಣಿ ಆದರೆ 14 ಅಂಕಿಯ ನಂಬರು ಕೊಡುತ್ತಾರೆ. ಅದನ್ನು ಪಾಕೀಟಿನ ಮೇಲೆ ಹಾಕಬೇಕು. 2011ರಲ್ಲಿ ನಿಯಮ ಬಂದಾಗ ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ ಇಟ್ಟಿದ್ದರು. ಈಗಿನ ಶುಲ್ಕವನ್ನು ಆನ್‌ಲೈನ್ ಅರ್ಜಿ ತುಂಬುವ ಕೇಂದ್ರದಲ್ಲಿ ಕೇಳಿ, ರಸೀತಿ ಇಸಿದುಕೊಳ್ಳಿ. ಪಾಕೀಟಿನ ಮೇಲೆ ಮಾಡಿದ ತಾರೀಕು, ತೂಕ, ಬೆಲೆ ಬರೆಯಿರಿ. ರೊಟ್ಟಿ ಪೂರಾ ಆರಿದ ಮೇಲೆ ಕಟ್ಟಿ. ಬಿಸಿ ಇದ್ದಾಗ ಕಟ್ಟಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಒಂದು ಬೂಷ್ಟಿನ ರೊಟ್ಟಿ ಹತ್ತು ಗಿರಾಕಿಗಳನ್ನು ಕಳೆಯುತ್ತದೆ.

ಒಬ್ಬರಿಗೆ ಆಗದ್ದು ನಾಲ್ಕು ಮಂದಿಗೆ ಆಗುತ್ತದೆ. ಮುಂಬಯಿಯಲ್ಲಿ 1959ರಲ್ಲಿ ಏಳು ಮಂದಿ ಹೆಣ್ಣುಮಕ್ಕಳು 80 ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿದರು. ಅದೇ ಲಿಜ್ಜತ್ ಪಾಪಡ. ಈಗ ಸಾವಿರಾರು ಹೆಂಗಸರು ಅದರಲ್ಲಿದ್ದಾರೆ. ಅವರ ಪದ್ಧತಿ ನೋಡಿ. ಮುಂಜಾನೆ ಹೋಗಿ ನಾದಿದ ಹಿಟ್ಟು ತರುತ್ತಾರೆ. ಮನೆಯಲ್ಲಿ ಕುಳಿತು, ಮಕ್ಕಳನ್ನು ನೋಡಿಕೊಳ್ಳುತ್ತ ಲಟ್ಟಿಸುತ್ತಾರೆ. ಮರುದಿನ ಹಪ್ಪಳ ಕೊಟ್ಟು ಕೂಲಿ ತಗೊಳ್ಳುತ್ತಾರೆ. ಜೋಳ ಕೊಳ್ಳುವ, ಮಾರುವ ಚಿಂತೆ ಒಬ್ಬೊಬ್ಬರ ತಲೆಯ ಮೇಲೆ ಇರುವುದಿಲ್ಲ.

ಸಹಕಾರ ನಮಗೆ ಹೊಸದಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ನಿಮ್ಮ ಓಣಿಯಲ್ಲಿ ಸ್ತ್ರೀಶಕ್ತಿ ಸಂಘವೋ ಸಂಜೀವಿನಿ ಸಂಘವೋ ಇದ್ದರೆ ಜೋಳವನ್ನು ಸುಗ್ಗಿಯಲ್ಲೇ ಕೂಡಿ ಕೊಳ್ಳಬಹುದು. 2023ರ ಜೂನ್ 11ರಿಂದ ಸರಕಾರಿ ಸಾದಾ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ರೊಕ್ಕ ಇಲ್ಲ. ಒಬ್ಬಳು ಗದಗಕ್ಕೆ ಹೋಗಿ ನಾಲ್ಕು ಮನೆಯ ರೊಟ್ಟಿ ಮಾರಿ ಬರಬಹುದು. ಆಕೆಯ ಆ ದಿನದ ಕೂಲಿಯನ್ನು ನಾಲ್ಕೂ ಮನೆಯವರು ಕೊಡಬೇಕು. ಇದನ್ನು ಮೊದಲೇ ಬರೆದುಕೊಳ್ಳದ ಸಂಘಗಳು ಜಗಳಾಡಿ ಮುರಿಯುತ್ತವೆ.

ಹಬ್ಬದ ದಿನ ಯಾರ ರೊಟ್ಟಿ?

ಈಗ ಎಲ್ಲಕ್ಕಿಂತ ಕಠಿಣ ಮಾತಿಗೆ ಬಂದೆವು. ನಮ್ಮ ಹಬ್ಬದ ದಿನವೇ ಗಿರಾಕಿಗೂ ಹಬ್ಬ. ನಾವು ದೇವರ ಮುಂದೆ ಕೂಡ್ರಬೇಕಾದ ಹೊತ್ತಿನಲ್ಲೇ ಆರ್ಡರು ಬಹಳ ಬರುತ್ತದೆ. ಸಂಕ್ರಮಣಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಎಳ್ಳಮಾಸಿಗೆ, ಶೀಗಿ ಹುಣ್ಣಿಮೆಗೆ ಚರಗದ ಬುತ್ತಿ. ಜಾತ್ರೆಗೆ ಬೀಗರ ಊಟ.

ಪಂಚಮಿಯನ್ನೇ ತಗೊಳ್ಳೋಣ. ಶ್ರಾವಣದಲ್ಲಿ ನಾಗರ ಪಂಚಮಿಗಿಂತ ಮೊದಲು ರೊಟ್ಟಿ ಪಂಚಮಿ ಬರುತ್ತದೆ. ಬಿಳಿಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಲೆ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ತಾಟಿಗೆ ಬಟ್ಟೆ ಮುಚ್ಚಿ ಈ ಮನೆಯಿಂದ ಆ ಮನೆಗೆ ಒಯ್ಯುತ್ತೇವೆ. ಅವರ ಮನೆಯಿಂದ ನಮ್ಮ ಮನೆಗೆ ಬರುತ್ತದೆ. ಜಾತಿ ಬೇರೆ ಇದ್ದರೂ ಆ ದಿನ ರೊಟ್ಟಿ ಹೋಗುತ್ತದೆ, ಬರುತ್ತದೆ. ಗಂಡನ ಮನೆಯಿಂದ ಮಗಳು ಬಂದಿರುತ್ತಾಳೆ. ಜೋಕಾಲಿ ಕಟ್ಟಿರುತ್ತಾರೆ. ನಾಗರ ಪಂಚಮಿ ದಿನ ಹಲವು ಮನೆಗಳಲ್ಲಿ ಒಲೆಯ ಮೇಲೆ ಹಂಚು ಇಡುವುದಿಲ್ಲ. ಎರಡು ದಿನದ ರೊಟ್ಟಿ ಮೊದಲೇ ಆಗಿರುತ್ತದೆ.

ರೊಟ್ಟಿ ಮಾರುವವಳಿಗೆ ವರ್ಷದ ದೊಡ್ಡ ಆರ್ಡರು ಆಗಲೇ. ಐನೂರು ರೊಟ್ಟಿಗೆ ಹೂಂ ಅಂದವಳು ಮೂರು ರಾತ್ರಿ ಹಂಚಿನ ಮುಂದೆ ಕೂಡ್ರುತ್ತಾಳೆ. ವರ್ಷಕ್ಕೊಮ್ಮೆ ಬಂದ ಮಗಳ ಜೊತೆ ನಾಲ್ಕು ಮಾತು ಆಡಲಿಕ್ಕೆ ಆಗುವುದಿಲ್ಲ. ಓಣಿಗೆ ಹಂಚುವ ತನ್ನ ರೊಟ್ಟಿಯೇ ಉಳಿದುಬಿಡುತ್ತದೆ. ರೊಕ್ಕ ಬಂತು, ಪಂಚಮಿ ಬರಲಿಲ್ಲ.

ಪೂರಾ ಬೇಡ ಅನ್ನಲಿಕ್ಕೂ ಆಗುವುದಿಲ್ಲ. ಆ ರೊಕ್ಕದಲ್ಲೇ ಮಗಳಿಗೆ ಸೀರೆ ಕುಪ್ಪಸ ತರಬೇಕು. ಅದಕ್ಕೇ ಲೆಕ್ಕ ಹಬ್ಬದ ವಾರದಲ್ಲಿ ಅಲ್ಲ, ಆಷಾಢದಲ್ಲೇ ಆಗಬೇಕು. ಕ್ಯಾಲೆಂಡರ್ ಮುಂದೆ ಇಟ್ಟುಕೊಂಡು ಮನೆಯವರೆಲ್ಲ ಕೂಡ್ರಿ. ಯಾವ ದಿನ ಒಲೆ ಹಚ್ಚುವುದಿಲ್ಲ ಎಂದು ಗುರುತು ಹಾಕಿ. ಅಮಾವಾಸ್ಯೆಯೋ, ಶ್ರಾವಣ ಸೋಮವಾರವೋ, ಜಾತ್ರೆಯ ತೇರಿನ ದಿನವೋ, ಶುಕ್ರವಾರದ ನಮಾಜಿನ ಹೊತ್ತೋ, ಅದು ನಿಮ್ಮ ಮನೆಯ ನಡಾವಳಿ. ಎಲ್ಲ ಸೋಮವಾರ ಬಿಡಬೇಕೋ ಒಂದೇ ಸೋಮವಾರ ಸಾಕೋ ನೀವೇ ನೋಡಿ. ಆದರೆ ಒಮ್ಮೆ ಗುರುತು ಹಾಕಿದ ದಿನ ಯಾರೇ ಬಂದರೂ ಹಂಚು ಏರಬಾರದು. ಮುಂಚೆಯೇ ಹೇಳಿದರೆ ಗಿರಾಕಿ ಸಿಟ್ಟಾಗುವುದಿಲ್ಲ. ಹೂಂ ಅಂದು ಕೈಕೊಟ್ಟರೆ ಸಿಟ್ಟಾಗುತ್ತಾನೆ.

ರಂಜಾನ್ ತಿಂಗಳಲ್ಲಿ ರೋಜಾ ಇರುವ ತಂಗಿಯರು ನೀರು ಸಹ ಕುಡಿಯದೆ ಕಾದ ಹಂಚಿನ ಮುಂದೆ ಕೂಡ್ರಬೇಕಾಗುತ್ತದೆ. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಬೇಸಿಗೆಯಲ್ಲಿ ಬಂದರೆ ಬಹಳ ತ್ರಾಸು. ಆ ತಿಂಗಳು ಆರ್ಡರು ಅರ್ಧ ಮಾಡಿ, ಸಹರಿ ಮುಗಿದ ಮೇಲೆ ತಂಪು ಹೊತ್ತಿನಲ್ಲೇ ಕೆಲಸ ಮುಗಿಸಬಹುದು. ನೆರೆಹೊರೆಯವರು ಇದ್ದೇ ಇದ್ದಾರೆ. ಪಂಚಮಿ ದಿನ ಹಂಚು ಇಡದ ಅಕ್ಕನ ಗಿರಾಕಿಗೆ ಮುಸ್ಲಿಂ ಅಕ್ಕ ರೊಟ್ಟಿ ಕೊಡಲಿ. ರಂಜಾನಿನಲ್ಲಿ ಆಕೆಯ ಗಿರಾಕಿಯನ್ನು ಈಕೆ ನೋಡಿಕೊಳ್ಳಲಿ. ಪಂಚಮಿಗೆ ರೊಟ್ಟಿ ತಾಟು ಕೊಟ್ಟುತಗೊಳ್ಳುವ ನಮಗೆ ಇದೇನು ದೊಡ್ಡ ಮಾತಲ್ಲ.

ಇನ್ನೊಂದು ಸಂಗತಿ. ಗಟ್ಟಿಯಾಗಿ ಯಾರೂ ಮಾತಾಡುವುದಿಲ್ಲ. ಹೊರಗಾದಾಗ ಮೂರು ನಾಲ್ಕು ದಿನ ಒಲೆ ಮುಟ್ಟಬಾರದು ಎಂದು ಹಲವು ಮನೆಗಳಲ್ಲಿ ಇದೆ. ತಿಂಗಳಿಗೆ ನಾಲ್ಕು ದಿನ ಎಂದರೆ ವರ್ಷಕ್ಕೆ 48 ದಿನದ ಕೂಲಿ. ಮುಟ್ಟು ರೋಗವಲ್ಲ, ಹೊಲಸೂ ಅಲ್ಲ, ಶರೀರದ ಸಹಜ ನಡೆ. ಸಾಬೂನಿನಿಂದ ಕೈ ತೊಳೆದು ಬಡಿದ ರೊಟ್ಟಿ ಅದರಿಂದ ಕೆಡುವುದಿಲ್ಲ. ಆ ದಿನಗಳಲ್ಲಿ ಬಿಸಿಲಲ್ಲಿ ಕಳೆ ತೆಗೆಯಲು ಹೋಗಬಹುದು, ಮನೆಯಲ್ಲಿ ಒಲೆ ಮುಟ್ಟಬಾರದು ಎಂಬ ಮಾತು ನನಗಂತೂ ಇನ್ನೂ ತಿಳಿದಿಲ್ಲ. ಹಿರಿಯರ ಜೊತೆ ಒಮ್ಮೆ ಕುಳಿತು ಮಾತಾಡಿ. ಅವರು ಒಪ್ಪದಿದ್ದರೆ ಆ ದಿನಗಳನ್ನೂ ಕ್ಯಾಲೆಂಡರಿನಲ್ಲಿ ಲೆಕ್ಕ ಹಿಡಿಯಿರಿ. ಹೊಟ್ಟೆನೋವು, ದಣಿವು ಇದ್ದು ನಿಮಗೇ ವಿಶ್ರಾಂತಿ ಬೇಕಾದರೆ ಮಲಗಿ, ಅದು ಬೇರೆ ಮಾತು. ನಿಜವಾಗಿ ರೊಟ್ಟಿ ಮಾಡಬಾರದ ದಿನಗಳೂ ಇವೆ. ವಾಂತಿ ಭೇದಿ ಆದಾಗ, ಜ್ವರ ಬಂದಾಗ, ಕೈಯಲ್ಲಿ ಕೀವಿನ ಹುಣ್ಣು ಇದ್ದಾಗ ಮಾರುವ ಹಿಟ್ಟು ಮುಟ್ಟಬೇಡಿ. ಆ ಬೇನೆ ರೊಟ್ಟಿಯ ಜೊತೆ ಗಿರಾಕಿಯ ಮನೆಗೂ ಹೋಗುತ್ತದೆ. ಇದಕ್ಕೆ ಮಡಿಯೂ ಇಲ್ಲ, ಮೈಲಿಗೆಯೂ ಇಲ್ಲ.

ಆಷಾಢದಲ್ಲಿ ಮನೆಯವರೆಲ್ಲ ಕುಳಿತು ನಿಶ್ಚಯ ಮಾಡಿದ್ದನ್ನು ಒಂದು ಹಲಗೆಯ ಮೇಲೆ ಬರೆದು ಬಾಗಿಲಿಗೆ ತೂಗು ಹಾಕಿ. ಓದಲು ಬಾರದ ಗಿರಾಕಿ ಬಂದರೆ ನೀವೇ ಓದಿ ಹೇಳಿ. ಅಕ್ಷರ ದೊಡ್ಡವಿರಲಿ. ಹೀಗೆ ಬರೆಯಬಹುದು:

ಪಂಚಮಿ ರೊಟ್ಟಿ ಬೇಕಾದವರು ಎಂಟು ದಿನ ಮೊದಲು ಹೇಳಬೇಕು.
ಅರ್ಧ ರೊಕ್ಕ ಮುಂಗಡ.
200 ರೊಟ್ಟಿ ತುಂಬಿದ ಮೇಲೆ ಆರ್ಡರ್ ತಗೊಳ್ಳುವುದಿಲ್ಲ.
ರೊಟ್ಟಿ ಪಂಚಮಿ ಹಿಂದಿನ ದಿನ ಸಂಜೆಯೊಳಗೆ ಒಯ್ಯಬೇಕು.
ನಾಗರ ಪಂಚಮಿ ದಿನ ಹಂಚು ಇಡುವುದಿಲ್ಲ. ಮಗಳು ಬಂದಾಳ. ಮರುದಿನ ಮುಂಜಾನೆ ಬರ್ರಿ.